ಲಾಗ್‌ಬುಕ್ಕಿಗೆ ಸೇರದ ಇಪ್ಪತ್ತು ನಿಮಿಷ

ಸೆಸ್ನಾ 172ರ ರೆಕ್ಕೆಯಡಿ ಬಗ್ಗಿ, ಪುಟ್ಟ ಪ್ಲಾಸ್ಟಿಕ್ ಲೋಟವನ್ನು ಕವಾಟಕ್ಕೆ ಒತ್ತಿದರೆ ಒಂದಿಷ್ಟು ಪೆಟ್ರೋಲು ಇಳಿಯುತ್ತದೆ. ವಿಮಾನದ ಪೆಟ್ರೋಲಿಗೆ ನೀಲಿ ಬಣ್ಣ ಹಾಕಿರುತ್ತಾರೆ. ನೀರು ಅದಕ್ಕಿಂತ ಭಾರ, ಹಾಗಾಗಿ ಟ್ಯಾಂಕಿನ ತಳದಲ್ಲಿ ಕೂರುತ್ತದೆ. ಅರ್ಧ ಖಾಲಿ ಟ್ಯಾಂಕಿನೊಳಗಿನ ತೇವ ರಾತ್ರಿಯ ತಂಪಿಗೆ ಹನಿಗಟ್ಟಬಹುದು. ಮುಚ್ಚಳದ ರಬ್ಬರು ಹಳತಾಗಿದ್ದರೆ ಮಳೆನೀರೂ ಒಳಗಿಳಿಯುತ್ತದೆ. ಆ ನೀರು ಎಂಜಿನ್ ತಲುಪಿದರೆ ಎಂಜಿನ್ ನಿಲ್ಲುತ್ತದೆ, ಹೆಚ್ಚಾಗಿ ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ.

ಲೋಟದ ತಳದಲ್ಲಿ ಬಣ್ಣವಿಲ್ಲದ ಪದರ, ಅದರ ಮೇಲೆ ನೀಲಿ ಕಂಡರೆ ಹೊಸ ವಿದ್ಯಾರ್ಥಿಯೂ ಗುರುತಿಸುತ್ತಾನೆ. ಲೋಟದ ತುಂಬ ನೀರೇ ಬಂದರೆ ನಡುವೆ ಗೆರೆಯೇ ಇರುವುದಿಲ್ಲ. ತಿಳಿಯಾಗಿದೆ, ಕಸವಿಲ್ಲ ಎಂದು ಮುಂದಕ್ಕೆ ಹೋಗುವವರನ್ನು ನಾನು ತಡೆದು ನಿಲ್ಲಿಸಿದ್ದೇನೆ. ಲೋಟವನ್ನು ಬಿಳಿ ಹಿನ್ನೆಲೆಗೆ ಹಿಡಿದು ನೀಲಿ ಇದೆಯೇ ಎಂದು ನೋಡಬೇಕು, ಮೂಸಲೂ ಬೇಕು. 172 ಎಸ್ ಮಾದರಿಯಲ್ಲಿ ಇಂಥ ಕವಾಟಗಳು 13. ಬಿಸಿಲಲ್ಲಿ ಬಗ್ಗಿ ಬಗ್ಗಿ ಬೆನ್ನು ನೋಯುತ್ತದೆ, ಎಂಟೊಂಬತ್ತು ಮುಗಿದಾಗ ಇಷ್ಟು ಸಾಕು ಅನಿಸುತ್ತದೆ.

ಹಾರಾಟ ಕಲಿಸುವುದು ನನ್ನ ಕೆಲಸ. ಹಾರುವ ಮುನ್ನ ವಿಮಾನವನ್ನು ಒಂದು ಸುತ್ತು ಬಂದು ಪರೀಕ್ಷಿಸುವುದಕ್ಕೆ ನಾವು ಪ್ರಿಫ್ಲೈಟ್ ಅನ್ನುತ್ತೇವೆ. ಅಲ್ಲಿ ನಡೆಯುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ.

"ಪೆಟ್ರೋಲ್ ಎಷ್ಟಿದೆಯಪ್ಪಾ?"

"ಫುಲ್ ಇದೆ ಸರ್."

"ಹೇಗೆ ಗೊತ್ತು?"

"ಗೇಜ್ ತೋರಿಸ್ತಿದೆ ಸರ್."

ಗೇಜನ್ನು ನೆಚ್ಚಿ ಹೊರಡುವ ಹಾಗಿಲ್ಲ. ಏಣಿ ಹತ್ತಿ, ಮುಚ್ಚಳ ತೆಗೆದು, ಅಳತೆಕೋಲು ಇಳಿಸಬೇಕು. ಆಮೇಲೆ ಮುಚ್ಚಳ ಬಿಗಿಯಾಯಿತೇ ಎಂದು ಕೈಯಿಂದಲೇ ತಿರುಗಿಸಿ ನೋಡಬೇಕು. ಹಾರುವಾಗ ರೆಕ್ಕೆಯ ಮೇಲ್ಭಾಗದಲ್ಲಿ ಗಾಳಿಯ ಒತ್ತಡ ಕಡಿಮೆಯಾಗುವುದರಿಂದ ಸಡಿಲ ಮುಚ್ಚಳದ ಸಂದಿಯಿಂದ ಪೆಟ್ರೋಲು ಹೊರಕ್ಕೆ ಸೆಳೆದುಹೋಗುತ್ತದೆ. ರೆಕ್ಕೆಯ ಮೇಲೆ ನೀಲಿ ಕಲೆ ಕಂಡರೆ ಆ ವಿಮಾನವನ್ನು ಮೆಕ್ಯಾನಿಕ್ ನೋಡುವ ತನಕ ನಾನು ಮುಟ್ಟಲು ಬಿಡುವುದಿಲ್ಲ.

ಮರೆತರೆ ಪ್ರಾಣಕ್ಕೇ ಎರವಾಗುವ ಇನ್ನೊಂದು ವಸ್ತು ಕಂಟ್ರೋಲ್ ಲಾಕ್. ನಿಂತ ವಿಮಾನದ ರೆಕ್ಕೆ ಬಾಲಗಳ ಚಲಿಸುವ ಭಾಗಗಳು ಗಾಳಿಗೆ ಬಡಿದುಕೊಳ್ಳದಿರಲೆಂದು ಹಾಕುವ ಸಾಧನ ಅದು. 1935ರ ಅಕ್ಟೋಬರ್ 30ರಂದು ಅಮೆರಿಕದ ಡೇಟನ್ ಬಳಿಯ ರೈಟ್ ಫೀಲ್ಡ್‌ನಿಂದ ಬೋಯಿಂಗ್ ಮಾಡೆಲ್ 299 ಆ ಲಾಕ್ ತೆಗೆಯದೆಯೇ ಮೇಲೇರಿ ಬಿತ್ತು. ನಡೆಸುತ್ತಿದ್ದ ಮೇಜರ್ ಪ್ಲಾಯರ್ ಹಿಲ್ ನುರಿತ ಪರೀಕ್ಷಾ ಪೈಲಟ್. ಅವರೂ ಬೋಯಿಂಗ್ ಕಂಪನಿಯ ಪೈಲಟ್ ಲೆಸ್ಲಿ ಟವರ್ ಕೂಡ ಉಳಿಯಲಿಲ್ಲ. ಪೈಲಟ್‌ಗಳು ಚೆಕ್‌ಲಿಸ್ಟ್ ಹಿಡಿದು ಕೂರುವ ಪದ್ಧತಿ ಆ ಅಪಘಾತದ ನಂತರವೇ ಬೇರೂರಿತು. ಆದರೂ 2014ರ ಮೇ 31ರಂದು ಮ್ಯಾಸಚೂಸೆಟ್ಸ್‌ನ ಬೆಡ್‌ಫರ್ಡ್‌ನಲ್ಲಿ ಲಾಕ್ ತೆಗೆಯದೆ ಹೊರಟ ಗಲ್ಫ್‌ಸ್ಟ್ರೀಮ್ ಜೆಟ್ ರನ್‌ವೇ ದಾಟಿ ಉರಿದು, ಏಳೂ ಜನ ಸತ್ತರು. ಅದರ ಹಿಂದಿನ 175 ಹಾರಾಟಗಳ ದಾಖಲೆ ತೆಗೆದಾಗ, ಶೇಕಡ 98ರಲ್ಲಿ ಕಂಟ್ರೋಲುಗಳನ್ನು ಪೂರ್ತಿಯಾಗಿ ಪರೀಕ್ಷಿಸಿಯೇ ಇರಲಿಲ್ಲ ಎಂದು ತಿಳಿಯಿತು. ಅಷ್ಟು ಸಲ ಏನೂ ಆಗಿರಲಿಲ್ಲ, ಅದಕ್ಕೇ ಅಭ್ಯಾಸ ಹಾಗೆ ನಿಂತುಬಿಟ್ಟಿತ್ತು.

ತರಬೇತಿಯಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಸರ್ ನೋಡಿರುತ್ತಾರೆ ಎಂದು ಹುಡುಗಿ, ಹುಡುಗಿ ನೋಡಿರುತ್ತಾಳೆ ಎಂದು ಸರ್. ಬೆಳಿಗ್ಗೆ ಇದೇ ವಿಮಾನ ಒಂದು ಸುತ್ತು ಹಾರಿ ಬಂದಿದೆ ಎಂಬ ಧೈರ್ಯ ಬೇರೆ. ನಡುವೆ ಫೋನ್ ಬಂದರಂತೂ, ಎಲ್ಲಿಗೆ ಬಿಟ್ಟಿದ್ದೆವೋ ಅಲ್ಲಿಂದಲ್ಲ, ಒಂದೆರಡು ಹೆಜ್ಜೆ ಮುಂದಿನಿಂದ ಶುರುಮಾಡುತ್ತೇವೆ. ನನ್ನ ವಿದ್ಯಾರ್ಥಿಗಳು ಆಗ ಮೊದಲಿನಿಂದ ಸುತ್ತು ಬರಬೇಕು.

ನಮ್ಮ ದೇಶದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 200 ಗಂಟೆ ಹಾರಿರಬೇಕು. ಆ ಗಂಟೆಯ ಲೆಕ್ಕ ಶುರುವಾಗುವುದು ವಿಮಾನ ತನ್ನ ಬಲದಿಂದ ಕದಲಿದ ಮೇಲೆ. ಸಾಲ ಮಾಡಿ ಮಕ್ಕಳನ್ನು ಕಳಿಸಿದ ತಂದೆತಾಯಿ ಕೇಳುವುದೂ ಎಷ್ಟು ಗಂಟೆ ಆಯಿತು ಎಂದೇ. ಎರಡು ಹಾರಾಟಗಳ ನಡುವೆ ಪ್ರಿಫ್ಲೈಟಿಗೆಂದೇ ಇಪ್ಪತ್ತು ನಿಮಿಷವನ್ನು ರೋಸ್ಟರಿನಲ್ಲಿ ಬರೆದಿಡಬೇಕು ಎಂಬುದು ನನ್ನ ಹಟ. ದೋಷ ಕಂಡು ವಿಮಾನ ಬಿಟ್ಟುಬಂದವರಿಗೆ ಅಂದೇ ಬೇರೆ ವಿಮಾನ, ಇಲ್ಲದಿದ್ದರೆ ಮರುದಿನ ಮೊದಲ ಸರದಿ ಸಿಗಬೇಕು. ಪಟ್ಟಿಯ ಕೊನೆಗೆ ತಳ್ಳಿದರೆ ಮುಂದಿನ ಸಲ ಆ ಹುಡುಗ ರೆಕ್ಕೆಯ ಮೇಲಿನ ಕಲೆ ಕಂಡರೂ ಬಾಯಿಬಿಡಲಾರ.