ಲೋಟದ ನೀರು ಚೆಲ್ಲದ ರೇಸ್: ‘ಇನಿಷಿಯಲ್ ಡಿ’ಯಲ್ಲಿ ಎಷ್ಟು ನಿಜ?

1998ರಲ್ಲಿ ಶುರುವಾದ ಜಪಾನಿನ ಅನಿಮೆ ‘ಇನಿಷಿಯಲ್ ಡಿ’ಯ ನಾಯಕ ತಕುಮಿ, 13ನೇ ವಯಸ್ಸಿನಿಂದಲೇ ಅಪ್ಪನ ಅಂಗಡಿಯ ತೋಫುವನ್ನು ನಸುಕಿನಲ್ಲಿ ಬೆಟ್ಟದ ದಾರಿಯಲ್ಲಿ ಸಾಗಿಸುತ್ತಾನೆ. ಕಾರಿನಲ್ಲಿಟ್ಟ ಲೋಟದ ನೀರು ಚೆಲ್ಲಬಾರದು, ಇದು ಅಪ್ಪನ ಷರತ್ತು. ಹೀಗೆ ಡ್ರೈವಿಂಗ್ ಕಲಿಯಬಹುದೇ?

ಸ್ವಲ್ಪ ಮಟ್ಟಿಗೆ ಹೌದು. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಿನ ಚಕ್ರಗಳ ಮೇಲೆ, ತಿರುವಿನಲ್ಲಿ ಹೊರಬದಿಯ ಚಕ್ರಗಳ ಮೇಲೆ ಹೆಚ್ಚುತ್ತದೆ. ಇದು ಹಠಾತ್ತನೆ ಆದರೆ ಟೈರಿನ ಹಿಡಿತ ತಪ್ಪಬಹುದು. ನೀರು ತುಳುಕದಂತೆ ಓಡಿಸುವವರು ಭಾರವನ್ನು ನಿಧಾನವಾಗಿ ವರ್ಗಾಯಿಸಲು ಕಲಿಯುತ್ತಾರೆ.

ಆದರೆ ರೇಸಿನ ವೇಗದಲ್ಲಿ ಇದು ಅಸಾಧ್ಯ. ಪಕ್ಕಕ್ಕೆ ತಳ್ಳುವ ಬಲ ಗುರುತ್ವದ ಅರ್ಧದಷ್ಟಿದ್ದರೂ ನೀರಿನ ಮೇಲ್ಮೈ ಸುಮಾರು 27 ಡಿಗ್ರಿ ವಾಲುತ್ತದೆ. ಎಷ್ಟೇ ನಯವಾಗಿ ಓಡಿಸಿದರೂ ತುಂಬಿದ ಲೋಟ ಚೆಲ್ಲುತ್ತದೆ.

ಹೆಚ್ಚು ನಿಜವೆನಿಸುವುದು ತಕುಮಿಯ ಬೆಳವಣಿಗೆ. ಅವನ ಕೈಚಳಕ ವರದಾನವಲ್ಲ, ಐದು ವರ್ಷ ಒಂದೇ ರಸ್ತೆಯಲ್ಲಿ ಮಾಡಿದ ಅಭ್ಯಾಸ. ಬೇರೆ ಬೆಟ್ಟದಲ್ಲಿ ಎಂಜಿನ್ ಒಡೆದು ಸೋತ ಮೇಲೆ, ತನ್ನ ಕಾರಿನ ಬಗ್ಗೆ ತನಗೇ ಗೊತ್ತಿಲ್ಲದ್ದು ಎಷ್ಟಿದೆ ಎಂದು ಅವನಿಗೆ ಅರಿವಾಗುತ್ತದೆ.

ಕಥೆಯ ರಸ್ತೆ ಬಹುಪಾಲು ಖಾಲಿ. ನಮ್ಮ ಘಾಟಿಗಳ ತಿರುವಿನಾಚೆ ಬಸ್ಸೇ ಬರುತ್ತಿರಬಹುದು. ಅಲ್ಲಿ ಅನುಕರಿಸಬೇಕಾದದ್ದು ತಕುಮಿಯ ನಯವನ್ನು, ವೇಗವನ್ನಲ್ಲ.