ಬೀದಿ ನಾಯಿಗೊಂದು ಮನೆ, ಮನೆಗೊಬ್ಬ ಜೊತೆಗಾರ

ದಾವಣಗೆರೆ–ಹರಿಹರ ಮಧ್ಯೆ ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ನಾಯಿ ಹೊಸದೇನಲ್ಲ. ನಿಲ್ದಾಣದ ಬೆಂಚಿನ ಕೆಳಗೆ ಮಲಗಿರುತ್ತೆ, ಹೋಟೆಲಿನ ಮುಂದೆ ಬಾಲ ಆಡಿಸುತ್ತೆ, ಕೊನೇ ಬಸ್ಸಿಗೆ ಇಳಿದವರ ಹಿಂದೆ ಬೊಗಳಿಕೊಂಡು ಓಡುತ್ತೆ. ರಾತ್ರಿ ಅಂಗಡಿ ಬಾಗಿಲು ಹಾಕಿ ಮನೆಗೆ ಹೋಗುವ ವ್ಯಾಪಾರಸ್ಥರು ಕೈಯಲ್ಲೊಂದು ಕಲ್ಲು ಹಿಡಿದೇ ನಡೆಯುವುದುಂಟು. ಆದರೆ ಅದೇ ನಾಯಿ ಹೊಸ್ತಿಲು ದಾಟಿ ಒಳಗೆ ಬಂತೋ, ಕಥೆಯೇ ಬೇರೆ ಸ್ವಾಮಿ!

ಮುಖ್ಯಮಂತ್ರಿ ಅತ್ತರು

2022ರ ಜೂನ್ ತಿಂಗಳ ಮಾತು. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ‘777 ಚಾರ್ಲಿ’ ಸಿನಿಮಾ ನೋಡಿ, ಎಲ್ಲರೆದುರೇ ಕಣ್ಣೀರು ಹಾಕಿದರು. ಯಾರೂ ಬೇಡವೆಂದು ಒಂಟಿಯಾಗಿ ಬದುಕುವವನ ಮನೆಗೆ ನಾಯಿಯೊಂದು ಬಂದು ಸೇರಿಕೊಳ್ಳುವ ಕಥೆ ಅದು. ಅವರ ಮನೆಯ ಸನ್ನಿ ಎಂಬ ನಾಯಿ ಹಿಂದಿನ ವರ್ಷವಷ್ಟೇ, 2021ರಲ್ಲಿ, ತೀರಿಕೊಂಡಿತ್ತು. ಆಗಲೂ ಮನೆಮಂದಿಯೆಲ್ಲ ಕೂತು ಅತ್ತಿದ್ದರು.

‘ನಾಯಿ ಸತ್ರೆ ಅಳೋದೇನ್ರೀ?’ ಎಂದು ನಗುವವರಿದ್ದಾರೆ. ನಾಯಿ ಸಾಕಿದವರು ಮಾತ್ರ ನಗುವುದಿಲ್ಲ. ಮಕ್ಕಳು ಬೆಂಗಳೂರು ಸೇರಿದ ಮನೆಯಲ್ಲಿ ಹಗಲೆಲ್ಲ ಮಾತಿಲ್ಲದೆ ಕೂರುವ ಮುದುಕರಿಗೆ, ಗಂಡನನ್ನು ಕಳಕೊಂಡ ಹೆಂಗಸಿಗೆ, ವ್ಯಾಪಾರ ಬಿದ್ದು ತಲೆ ಮೇಲೆ ಕೈಹೊತ್ತವನಿಗೆ ಅದು ಬುದ್ಧಿ ಹೇಳುವುದಿಲ್ಲ, ಲೆಕ್ಕ ಕೇಳುವುದಿಲ್ಲ. ಹತ್ತಿರ ಬಂದು ಕೂರುತ್ತೆ, ಅಷ್ಟೇ. ಹೊತ್ತಿಗೆ ಸರಿಯಾಗಿ ಅನ್ನ ಕೇಳುತ್ತೆ, ಬೆಳಿಗ್ಗೆ ಹೊರಗೆ ಕರಕೊಂಡು ಹೋಗು ಅನ್ನುತ್ತೆ. ನಾಯಿಗಾಗಿ ಎದ್ದವನು ತನಗಾಗಿಯೂ ಎದ್ದಂತಾಯಿತು.

ಇದು ಬರೀ ಭಾವನೆಯ ಮಾತಲ್ಲ. ನಾಯಿಯೂ ಯಜಮಾನನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಇಬ್ಬರ ಮೈಯಲ್ಲೂ ಆಕ್ಸಿಟೋಸಿನ್ ಎಂಬ ರಸ ಹೆಚ್ಚುತ್ತದೆಂದು ಜಪಾನಿನ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದರು. ತಾಯಿ–ಮಗುವಿನ ಅಕ್ಕರೆಯಲ್ಲಿ ಕೆಲಸ ಮಾಡುವುದೂ ಇದೇ ರಸ.

ಸಾವಿರ ವರ್ಷದ ಕಲ್ಲು

ನಮ್ಮ ಹಿರಿಯರಿಗೆ ಇದನ್ನು ಹೇಳಲು ಜಪಾನ್ ಬೇಕಿರಲಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕ್ರಿ.ಶ. 949–50ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರನನ್ನು ಮೆಚ್ಚಿ ದೊರೆ ‘ಏನು ಬೇಕು ಕೇಳು’ ಅಂದ. ಈತ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಮುಂದೆ ಆ ಕಾಳಿ ಕಾಡುಹಂದಿಯ ಜೊತೆ ಕಾದಾಡಿ ಸತ್ತಿತು. ಅದಕ್ಕೆ ವೀರಗಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಂಡರೆ ಪಾಪವೆಂದು ಬರೆಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ನಮ್ಮ ಜಿಲ್ಲೆಗೂ ನಾಯಿಯ ಋಣವಿದೆ. 2024ರ ಜುಲೈನಲ್ಲಿ ಚನ್ನಗಿರಿ ತಾಲ್ಲೂಕಿನ ಕೊಲೆ ಪ್ರಕರಣವೊಂದರಲ್ಲಿ ಪೊಲೀಸ್ ನಾಯಿ ತುಂಗಾ–2 ಸುರಿವ ಮಳೆಯಲ್ಲಿ ಸುಮಾರು 8 ಕಿ.ಮೀ. ಓಡಿ ಆರೋಪಿಯ ಮನೆ ಮುಟ್ಟಿತು. ಒಳಗೆ ಏಟು ತಿನ್ನುತ್ತಿದ್ದ ಹೆಂಗಸಿನ ಪ್ರಾಣ ಉಳಿಯಿತು.

ಕೋರ್ಟು ಏನು ಹೇಳಿತು?

ಬೀದಿ ನಾಯಿ ಕಡಿತದ ಗೋಳು ಸುಳ್ಳಲ್ಲ. ರೇಬಿಸ್ ರೋಗ ಶುರುವಾದ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ಕಷ್ಟ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು, ಬೀದಿ ನಾಯಿಗಳಿಗೆ ಸಂತಾನಹರಣ ಮಾಡಿ ಲಸಿಕೆ ಹಾಕಿ ಇದ್ದ ಜಾಗಕ್ಕೇ ಬಿಡಬೇಕು, ರೇಬಿಸ್ ಹಿಡಿದ ಮತ್ತು ಮೇಲೆ ಬೀಳುವ ನಾಯಿಗಳನ್ನು ಬಿಡಬಾರದು ಎಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ರೈಲ್ವೆ ನಿಲ್ದಾಣ, ಬಸ್ ನಿಲ್ದಾಣಗಳಿಂದ ನಾಯಿಗಳನ್ನು ತೆಗೆದು ಆಶ್ರಯಕೇಂದ್ರಕ್ಕೆ ಸೇರಿಸಬೇಕು, ಮತ್ತೆ ಅಲ್ಲಿಗೇ ತಂದು ಬಿಡಬಾರದು ಎಂದು ಆಜ್ಞೆ ಮಾಡಿತು.

ಆಗಸ್ಟ್ ಆಜ್ಞೆಯಲ್ಲಿ ಇನ್ನೊಂದು ಮಾತಿತ್ತು, ಅದು ಅಷ್ಟಾಗಿ ಯಾರ ಕಿವಿಗೂ ಬೀಳಲಿಲ್ಲ. ಇಷ್ಟವಿದ್ದವರು ನಗರಾಡಳಿತಕ್ಕೆ ಅರ್ಜಿ ಕೊಟ್ಟು ಬೀದಿ ನಾಯಿಯನ್ನು ದತ್ತು ಪಡೆಯಬಹುದು. ಗುರುತು ಹಾಕಿಸಿ ಕೊಡುತ್ತಾರೆ. ಒಮ್ಮೆ ಮನೆಗೆ ತಂದ ಮೇಲೆ ಅದು ಮತ್ತೆ ಬೀದಿಗೆ ಬೀಳದಂತೆ ನೋಡಿಕೊಳ್ಳುವ ಹೊಣೆ ತಂದವರದೇ.

ಅದಕ್ಕೇ ಉತ್ಸಾಹದಲ್ಲಿ ಮರಿ ಎತ್ತಿಕೊಂಡು ಬರುವ ಮೊದಲು ಮನೆಯವರನ್ನೆಲ್ಲ ಕೇಳಿ. ನಾಯಿ ಹತ್ತು–ಹನ್ನೆರಡು ವರ್ಷ ಬದುಕುತ್ತೆ, ಹಬ್ಬದ ಬಟ್ಟೆಯಲ್ಲ. ಮರಿಗೆ ಮೂರು ತಿಂಗಳಾದಾಗ ರೇಬಿಸ್ ಲಸಿಕೆ ಹಾಕಿಸಿ, ಮುಂದೆ ಪಶುವೈದ್ಯರು ಹೇಳಿದ ಹೊತ್ತಿಗೆ ತಪ್ಪದೆ ಮತ್ತೆ ಹಾಕಿಸಿ. ಸಂತಾನಹರಣ ಮಾಡಿಸಿ. ಪ್ರೀತಿ ಉಕ್ಕಿ ಬೆಣ್ಣೆದೋಸೆ ಪಲ್ಯ, ಖಾರಾ ಮಂಡಕ್ಕಿ ಹಾಕಬೇಡಿ. ಈರುಳ್ಳಿ ನಾಯಿಗೆ ವಿಷ. ಯಾವ ನಾಯಿಯೇ ಕಚ್ಚಲಿ, ಪರಚಲಿ, ಅರಿಶಿನ–ಸುಣ್ಣ ಮೆತ್ತದೆ ಗಾಯವನ್ನು ಸೋಪು ಹಾಕಿ 15 ನಿಮಿಷ ಹರಿಯುವ ನೀರಲ್ಲಿ ತೊಳೆದು ಆವತ್ತೇ ಆಸ್ಪತ್ರೆಗೆ ಹೋಗಿ.

ಇನ್ನು ಉಳಿದಿದ್ದು ಕಚೇರಿಯವರ ಪಾಲು. ದತ್ತು ಅರ್ಜಿ ಯಾವ ಕಿಟಕಿಯಲ್ಲಿ ಕೊಡಬೇಕು, ಲಸಿಕೆ ಎಲ್ಲಿ ಹಾಕುತ್ತಾರೆ ಎಂದು ಎರಡೂ ಊರಿನ ಬಸ್ ನಿಲ್ದಾಣದಲ್ಲಿ ದೊಡ್ಡ ಅಕ್ಷರದ ಬೋರ್ಡು ಹಾಕಿದರೆ ಖರ್ಚೇನೂ ಬಹಳವಾಗದು. ಕಚ್ಚುವ ಭಯದಿಂದ ಜನ ಉಳಿದಾರು, ಕಲ್ಲೇಟಿನಿಂದ ನಾಯಿ ಉಳಿದೀತು, ಒಂದಷ್ಟು ಮೌನದ ಮನೆಗಳಲ್ಲಿ ಸದ್ದೂ ಹುಟ್ಟೀತು. ದಾವಣಗೆರೆ ಮಹಾನಗರ ಪಾಲಿಕೆ ಮತ್ತು ಹರಿಹರ ನಗರಸಭೆಯವರು ಇತ್ತ ಗಮನ ಹರಿಸುವರೇ?