ಸೆಣಬಿನ ನಗರದಲ್ಲಿ ಗಣಕದಾಟ: ಡಂಡೀಯ ಡಿ.ಎಂ.ಎ. ಡಿಸೈನ್ ಸಂಸ್ಥೆ

ಬ್ರಿಟನ್ನಿನ ಗಣಕದಾಟದ ಉದ್ಯಮವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಕೆಲವು ತರುಣರ ಪ್ರತಿಭೆಯನ್ನೇ ಅದರ ಮೂಲಕಾರಣವೆಂದು ಎಣಿಸುತ್ತಾರೆ. ಪ್ರತಿಭೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದು ಆ ಊರಿನಲ್ಲಿ, ಆ ಕಾಲದಲ್ಲಿ ಏಕೆ ಫಲಿಸಿತೆಂಬುದು ಇತಿಹಾಸದ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ. ಸ್ಕಾಟ್ಲೆಂಡಿನ ಡಂಡೀ ನಗರದ ಡಿ.ಎಂ.ಎ. ಡಿಸೈನ್ ಸಂಸ್ಥೆಯ ಉದಯವನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು.

ಹತ್ತೊಂಬತ್ತನೆಯ ಶತಮಾನದ ಡಂಡೀ ಸೆಣಬಿನ ಊರು. ಬಂಗಾಳದಿಂದ ಬಂದ ನಾರನ್ನು ತಿಮಿಂಗಿಲದ ಎಣ್ಣೆಯಿಂದ ಮೃದುಗೊಳಿಸಿ ಅಲ್ಲಿಯ ಗಿರಣಿಗಳು ನೂಲು ತೆಗೆಯುತ್ತಿದ್ದವು. ದುಡಿಯುವವರಲ್ಲಿ ಹೆಂಗಸರೇ ಹೆಚ್ಚು. ಹೂಗ್ಲಿಯ ತೀರದಲ್ಲಿ ಗಿರಣಿಗಳು ಎದ್ದಮೇಲೆ ಡಂಡೀಯ ಮೇಲ್ಮೆ ಕುಂದಿತು. ಎರಡನೆಯ ಮಹಾಯುದ್ಧದ ತರುವಾಯ ಟೈಮೆಕ್ಸ್ ಗಡಿಯಾರದ ಕಾರ್ಖಾನೆ ಅಲ್ಲಿಗೆ ಬಂದಿತು. ಅಲ್ಲಿಯೂ ಹೆಂಗಸರ ಕೈಚಳಕವೇ ಆಧಾರ. ಯಾಂತ್ರಿಕ ಗಡಿಯಾರಗಳ ಬೇಡಿಕೆ ಇಳಿದಾಗ ಕಾರ್ಖಾನೆಯು ಸಿಂಕ್ಲೇರ್ ಕಂಪೆನಿಗಾಗಿ ಗಣಕಗಳನ್ನು ಜೋಡಿಸತೊಡಗಿತು. 1982ರಲ್ಲಿ ಹೊರಬಂದ ಸ್ಪೆಕ್ಟ್ರಮ್ ತಯಾರಾದದ್ದು ಅಲ್ಲಿಯೇ. ಹೀಗೆ ಆ ಯಂತ್ರ ಊರಿನ ಶ್ರಮಿಕರ ಮನೆಗಳನ್ನೂ ಹೊಕ್ಕಿತು. (ಕೆಲವು ಕಾರ್ಖಾನೆಯ ಹಿಂಬಾಗಿಲಿನಿಂದ ಹೊರಬಂದವೆಂದು ಊರಿನವರು ನಗುತ್ತ ಹೇಳುವುದುಂಟು.)

ಟೈಮೆಕ್ಸಿನಲ್ಲಿ ಕೆಲಸ ಕಲಿಯುತ್ತಿದ್ದ ಡೇವಿಡ್ ಜೋನ್ಸ್, ಅದನ್ನು ಬಿಟ್ಟಾಗ ದೊರೆತ ಪರಿಹಾರದ ಹಣದಿಂದ ಅಮೀಗ ಎಂಬ ಗಣಕವನ್ನು ಕೊಂಡರು. ಹವ್ಯಾಸಿಗಳ ಗಣಕ ಸಂಘವೊಂದರಲ್ಲಿ ಪರಿಚಿತರಾದ ಗೆಳೆಯರು ಜೊತೆಗೂಡಿದರು. 1980ರ ದಶಕದ ಕೊನೆಯಲ್ಲಿ ಸಂಸ್ಥೆ ರೂಪುಗೊಂಡಿತು. ಅವರಲ್ಲೊಬ್ಬರಾದ ಮೈಕ್ ಡೇಲಿ, ಉದ್ದಗಲ ಎಂಟೆಂಟೇ ಚುಕ್ಕೆಗಳ ಚೌಕದಲ್ಲಿ ನಡೆಯುವ ಪುಟ್ಟ ಆಕೃತಿಯನ್ನು ಚಿತ್ರಿಸಿದರು. ಅದರಿಂದ ಬೆಳೆದ 'ಲೆಮಿಂಗ್ಸ್' 1991ರಲ್ಲಿ ಲಿವರ್‌ಪೂಲಿನ ಸಿಗ್ನೋಸಿಸ್ ಮೂಲಕ ಪ್ರಕಟವಾಯಿತು. ಕಣ್ಣುಮುಚ್ಚಿ ಪ್ರಪಾತದತ್ತ ನಡೆಯುವ ಜೀವಿಗಳಿಗೆ ಅಗೆಯುವ, ಮೆಟ್ಟಿಲು ಕಟ್ಟುವ, ಅಡ್ಡ ನಿಲ್ಲುವ ಕೆಲಸಗಳನ್ನು ಹಂಚಿ ಅವನ್ನು ಪಾರುಮಾಡುವುದೇ ಆಟ.

ಸಂಸ್ಥೆ ಏಳಿಗೆ ಹೊಂದುತ್ತಿದ್ದ ಆ ವರ್ಷಗಳಲ್ಲಿಯೇ ಟೈಮೆಕ್ಸ್ ಅಳಿಯಿತು. 1993ರ ಆರಂಭದಲ್ಲಿ ಕೆಲಸಗಾರರ ಸಂಖ್ಯೆ ತಗ್ಗಿಸುವ ಯತ್ನದಿಂದ ಮುಷ್ಕರ ನಡೆಯಿತು. ಮುಷ್ಕರ ಹೂಡಿದವರನ್ನು ವಜಾ ಮಾಡಲಾಯಿತು. ತಿಂಗಳುಗಟ್ಟಲೆ ಬಾಗಿಲಲ್ಲಿ ಪಹರೆ ನಿಂತ ಬಳಿಕ ಆಗಸ್ಟಿನಲ್ಲಿ ಕಾರ್ಖಾನೆಯೇ ಮುಚ್ಚಿತು. ಗಣಕಗಳನ್ನು ಜೋಡಿಸಿದ ಹೆಂಗಸರಿಗೆ ಗಣಕದಾಟದ ಉದ್ಯಮದಲ್ಲಿ ಸ್ಥಳವಿರಲಿಲ್ಲ. 'ಸೆಣಬಿನಿಂದ ಗಣಕಕ್ಕೆ' ಎಂದು ಈ ಪರಿವರ್ತನೆಯನ್ನು ಕೊಂಡಾಡುವವರು ಇದನ್ನು ಮರೆಯುತ್ತಾರೆಂದೇ ನಮ್ಮ ಅಭಿಪ್ರಾಯ.

ಮುಂದಿನದು ಸುಪರಿಚಿತ. 1997ರಲ್ಲಿ 'ಗ್ರ್ಯಾಂಡ್ ಥೆಫ್ಟ್ ಆಟೊ' ಹೊರಬಂದಿತು; 1999ರಲ್ಲಿ ಸಂಸ್ಥೆ ಅಮೆರಿಕದ ಟೇಕ್-ಟು ಕಂಪೆನಿಯ ವಶವಾಯಿತು. ಎಡಿನ್‌ಬರೋಗೆ ನೆಲೆ ಬದಲಿಸಿ 2002ರಲ್ಲಿ ರಾಕ್‌ಸ್ಟಾರ್ ನಾರ್ತ್ ಎಂಬ ಹೆಸರನ್ನು ತಳೆಯಿತು. ಡಂಡೀಯಲ್ಲಿ ಉಳಿದದ್ದು ಅಬರ್ಟೇ ವಿಶ್ವವಿದ್ಯಾನಿಲಯವು 1997ರಲ್ಲಿ ತೆರೆದ ಗಣಕದಾಟದ ಪದವಿ ಶಿಕ್ಷಣ. ಜೋನ್ಸ್ ಅದೇ ಊರಿನಲ್ಲಿ ಕಟ್ಟಿದ ರಿಯಲ್‌ಟೈಮ್ ವರ್ಲ್ಡ್ಸ್ 2010ರಲ್ಲಿ ಕುಸಿದಾಗ, ಕೆಲಸ ಕಳೆದುಕೊಂಡವರಲ್ಲಿ ಕೆಲವರು ಅಲ್ಲಿಯೇ ಸಣ್ಣ ಸಂಸ್ಥೆಗಳನ್ನು ಆರಂಭಿಸಿದರು.